ಸೀನು ಬಾರದ ಘಾಟು

ಬ್ಯಾಡಗಿಯಲ್ಲಿ ಯಾರಾದರೂ ಕೆಮ್ಮಿದರೆ ಯಾರೂ ತಿರುಗಿ ನೋಡುವುದಿಲ್ಲ. ಆ ಬೆಳಿಗ್ಗೆ ನಾನೂ ನೋಡಲಿಲ್ಲ.

ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್ ಅದು. ಕೋಣೆಗಳನ್ನು ತಂಪಾಗಿಸುವ ಅಮೋನಿಯಾ ಯಂತ್ರದ ಬಿಸಿ ಇಷ್ಟು ವರ್ಷ ಸುಮ್ಮನೆ ಗಾಳಿಗೆ ಹೋಗುತ್ತಿತ್ತು. ಆ ಬಿಸಿಯಿಂದಲೇ ಪುಟ್ಟ ಜನರೇಟರ್ ತಿರುಗಿಸಿ ಕರೆಂಟ್ ತೆಗೆಯುವ ಘಟಕವನ್ನು ನಾನೇ ನಿಂತು ಜೋಡಿಸಿದ್ದೆ. ಮೂರು ದಿನದಿಂದ ಅಂಗಳದ ದೀಪಗಳು ಅದರಿಂದ ಉರಿಯುತ್ತಿದ್ದವು. ಯಂತ್ರ ನೋಡಿಕೊಳ್ಳುವ ಕಾಕಾ ಬಂದವರಿಗೆಲ್ಲ ಅವನ್ನು ತೋರಿಸುತ್ತಿದ್ದರು.

ಯಂತ್ರದ ಕೋಣೆಯ ಹೊರಗೆ, ಬೆಚ್ಚನೆಯ ಗೋಡೆಗೆ ಒರಗಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಹೆಂಗಸರು ಕೆಮ್ಮತೊಡಗಿದರು. ನನ್ನ ಕಣ್ಣಲ್ಲೂ ನೀರು.

“ಏನ್ ತಂಗಿ, ರಾಣೆಬೆನ್ನೂರ ಮೂಗು ನಮ್ಮ ಕಾಯಿ ಘಾಟು ತಡೀವಲ್ದೇನು?” ಕಾಕಾ ನಕ್ಕರು. ನಾನೂ ನಕ್ಕೆ. ಅವರ ಮೂಗು ಅಮೋನಿಯಾಕ್ಕೆ ಒಗ್ಗಿ ಎಷ್ಟೋ ವರ್ಷವಾಗಿತ್ತು. ನನ್ನದು ನೆಗಡಿಯಿಂದ ಕಟ್ಟಿತ್ತು.

ಹೆಂಗಸರಲ್ಲಿ ಒಬ್ಬ ಅಜ್ಜಿ ಮೊರ ಕೆಳಗಿಟ್ಟಳು. “ಇದು ಕಾಯಿ ಘಾಟಲ್ಲ ಬಿಡ್ರಿ. ಇಷ್ಟೊತ್ತಾತು, ಒಬ್ಬರಾರ ಸೀನ್ಯಾರೇನು?”

ಯಾರೂ ಸೀನಿರಲಿಲ್ಲ.

ಕಾಕಾ ನಗು ನಿಲ್ಲಿಸಿದರು. “ಏಳ್ರಿ ಎಲ್ಲಾರೂ! ಗಾಳಿಗೆ ಎದುರ ಓಡ್ರಿ! ತಂಗಿ, ಮೇನ್ ಸ್ವಿಚ್ ಬಂದ್ ಮಾಡು, ಲಗೂ!” ಎನ್ನುತ್ತ ಟವೆಲ್ಲನ್ನು ಬಕೆಟ್ಟಿನಲ್ಲಿ ಅದ್ದಿ, ಮುಖಕ್ಕೆ ಸುತ್ತಿಕೊಂಡು ಒಳಗೆ ನುಗ್ಗಿದರು. ಸ್ವಿಚ್ ಆರಿಸಿದೆ. ಬಾಗಿಲ ತುಂಬ ಬಿಳಿ ಹೊಗೆ. ಒಳಗೆ ವಾಲ್ವಿನ ಚಕ್ರ ಕಿರುಗುಟ್ಟಿತು, ನಿಂತಿತು. ಬಹಳ ಹೊತ್ತಿನ ಮೇಲೆ ಮತ್ತೆ ಕಿರುಗುಟ್ಟಿತು. ಆ ನಡುವಿನ ಮೌನ ನನಗೆ ಈಗಲೂ ಬಸ್ಸಿನಲ್ಲಿ, ಊಟಕ್ಕೆ ಕೂತಾಗ, ಇದ್ದಕ್ಕಿದ್ದಂತೆ ಕೇಳಿಸುತ್ತದೆ. ಕಾಕಾ ತೆವಳಿಕೊಂಡು ಹೊರಬಂದರು. ಕಣ್ಣು ತೆರೆಯಲಾಗುತ್ತಿರಲಿಲ್ಲ. ಅಜ್ಜಿ ಕೊಡಗಟ್ಟಲೆ ನೀರು ಸುರಿದಳು.

ಅಮೋನಿಯಾ ಸೋರಿದ್ದು ಹೊಸ ಘಟಕಕ್ಕೆ ನಾನೇ ಕೂಡಿಸಿದ್ದ ಪೈಪಿನ ಜಾಯಿಂಟಿನಿಂದ.

ಹಾವೇರಿಯ ಆಸ್ಪತ್ರೆಯಲ್ಲಿ ಅವರ ಕಣ್ಣಿನ ಬ್ಯಾಂಡೇಜ್ ಬಿಚ್ಚುವ ದಿನ ಹೋದೆ. ಕಾಣುತ್ತದೋ ಇಲ್ಲವೋ ಡಾಕ್ಟರಿಗೂ ಖಾತ್ರಿಯಿರಲಿಲ್ಲ.

“ತಪ್ಪು ನಂದ ತಂಗಿ. ಈ ಮೂಗು ಸತ್ತು ಹೋಗೇತಿ” ಎಂದರು ಕಾಕಾ.

ನಾನು ಜೇಬಿನ ಡಬ್ಬಿಯಿಂದ ಒಂದು ಕಾಗದದ ಚೂರು ತೆಗೆದು ಅವರ ಅಂಗೈಯಲ್ಲಿಟ್ಟೆ. ನೀರಲ್ಲಿ ತೋಯಿಸಿ ಜಾಯಿಂಟಿನ ಹತ್ತಿರ ಹಿಡಿದರೆ ಸಾಕು, ಅಮೋನಿಯಾ ಸೋರುತ್ತಿದ್ದರೆ ನೀಲಿಯಾಗುವ ಕೆಂಪು ಕಾಗದ. ಅಂದು ಬೆಳಗಿನಿಂದ ಅದು ನನ್ನ ಬಳಿಯೇ ಇತ್ತು. ಮೆಣಸಿನಕಾಯಿ ಘಾಟು ಎಂದುಕೊಂಡು ತೆಗೆದಿರಲಿಲ್ಲ.

ನರ್ಸ್ ಬ್ಯಾಂಡೇಜ್ ಬಿಚ್ಚಿದಳು. ಕಾಕಾ ರೆಪ್ಪೆ ಬಡಿಯುತ್ತಲೇ ಇದ್ದರು. ಆಮೇಲೆ ಅಂಗೈಯನ್ನು ಮುಖದ ಹತ್ತಿರ ತಂದರು.

“ಕೆಂಪೈತಿ” ಎಂದರು.

ಕಣ್ಣು ಉಳಿದಿತ್ತು. ನಾನು ಮಂಚದ ಕಂಬಿ ಹಿಡಿದುಕೊಂಡೆ.

ಅವರು ಕಾಗದವನ್ನು ತಿರುಗಿಸಿ ನೋಡಿ, ನನ್ನತ್ತ ಮುಖವೆತ್ತಿದರು. “ತೋಯ್ಸೇ ಇಲ್ಲಲ್ಲ, ತಂಗಿ?”