ಮೇಸ್ತ್ರಿಯ ಜೋಡು, ಮುಲಾಮಕ್ಕನ ಡಬ್ಬಿ

ನಮ್ಮ ಬೀದಿಯಲ್ಲಿ ಯಾರು ಹೊಸ ಜೋಡು ಕೊಂಡಿದ್ದಾರೆಂದು ತಿಳಿಯಲು ಅವರ ಕಾಲು ನೋಡಬೇಕಾಗಿರಲಿಲ್ಲ, ಮುಖ ನೋಡಿದರೆ ಸಾಕಿತ್ತು. ಹಲ್ಲು ಕಚ್ಚಿಕೊಂಡು, ಗೋಡೆ ಹಿಡಿದು, ಹೆಜ್ಜೆಗೊಮ್ಮೆ ದೇವರನ್ನು ನೆನೆಯುತ್ತ ಬರುವವನು ಬೀದಿಯಲ್ಲಿ ಜೋಡು ಹೊಲಿಯುವ ಮೇಸ್ತ್ರಿಯ ಗಿರಾಕಿಯೇ ಸೈ. ನಾನೂ ಮೂರು ಜೊತೆ ಸವೆಸಿದವನು. ಸವೆದದ್ದು ಜೋಡೋ ನನ್ನ ಹಿಮ್ಮಡಿಯೋ ಎಂಬುದು ಬೇರೆ ಮಾತು.

ಮೇಸ್ತ್ರಿಯ ಕೈಕೆಲಸಕ್ಕೆ ಹೆಸರಿಡುವ ಹಾಗಿರಲಿಲ್ಲ. ಹೊಲಿಗೆ ಇರುವೆ ಸಾಲಿನಂತೆ. ಚರ್ಮ ಮಿರಮಿರ ಮಿಂಚುತ್ತಿತ್ತು. ತೊಡಕಿದ್ದದ್ದು ಚರ್ಮವನ್ನು ಎಳೆದು ಕೂರಿಸುವ ಮರದ ಅಚ್ಚಿನಲ್ಲಿ. ಅದನ್ನು ಅವನ ಅಪ್ಪ ತನ್ನದೇ ಕಾಲಿನ ಅಳತೆಗೆ ಕೆತ್ತಿದ್ದ. ಆ ಪುಣ್ಯಾತ್ಮನ ಹಿಮ್ಮಡಿ ಮೇಕೆಯದರಷ್ಟು ಸಪೂರ. ಉದ್ದ ಗಿಡ್ಡ ಸೇರಿ ಎಂಟು ಅಚ್ಚುಗಳಿದ್ದರೂ ಎಂಟಕ್ಕೂ ಹಿಮ್ಮಡಿ ಮಾತ್ರ ಅಪ್ಪನದೇ. ಯಾರಾದರೂ ಕುಂಟುತ್ತ ಬಂದರೆ ಮೇಸ್ತ್ರಿಯ ಉತ್ತರ ಸಿದ್ಧವಿರುತ್ತಿತ್ತು.

"ಜೋಡು ಸರಿಯಾಗೇ ಇದೆ. ನಿಮ್ಮ ಕಾಲಿಗಿನ್ನೂ ನಡೆಯೋಕೆ ಬರಲ್ಲ."

ಹೀಗೆ ದಡ್ಡ ಕಾಲುಗಳನ್ನು ಸಂತೈಸುವ ಕೆಲಸ ಅಂಗಡಿಯ ಹಿಂದಿನ ಕೋಣೆಯಲ್ಲಿ ನಡೆಯುತ್ತಿತ್ತು. ಅಲ್ಲಿ ಅವನ ಹೆಂಡತಿ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು, ಚೆಂಡು ಹೂವಿನ ಒಣ ಎಸಳುಗಳನ್ನು ಹರಳೆಣ್ಣೆಯಲ್ಲಿ ಸಣ್ಣ ಉರಿಗೆ ಕಾಸುವಳು. ಬಟ್ಟೆಯಲ್ಲಿ ಸೋಸಿ ಜೇನುಮೇಣ ಕರಗಿಸುವಳು. ತಣ್ಣನೆಯ ತಟ್ಟೆಗೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಒತ್ತಿ ನೋಡುವಳು. ಹರಿದರೆ ಇನ್ನಷ್ಟು ಮೇಣ, ಕಲ್ಲಾದರೆ ಇನ್ನಷ್ಟು ಎಣ್ಣೆ. ಪ್ರತಿ ಜೋಡಿನ ಜೊತೆಗೂ ಒಂದು ಪುಟ್ಟ ಡಬ್ಬಿ ಉಚಿತ. ಊರೆಲ್ಲ ಅವಳನ್ನು ಮುಲಾಮಕ್ಕ ಎನ್ನುತ್ತಿತ್ತು. ಜೋಡನ್ನೂ ಯಾರಾದರೂ ಒಮ್ಮೆ ಹೊಗಳಲಿ ಎಂದು ಮೇಸ್ತ್ರಿ ಮೂವತ್ತು ವರ್ಷ ಬಾಗಿಲು ಕಾದ. ಬಂದವರೆಲ್ಲ ಡಬ್ಬಿಯನ್ನೇ ಹೊಗಳಿ ಹೋದರು.

ಒಂದು ದಿನ ಅಂಚೆಯವನು ಬಂದು ಮೆಟ್ಟಿಲ ಮೇಲೆ ಕುಸಿದ.

"ಅಕ್ಕಾ, ಇದು ನಾಲ್ಕನೇ ಡಬ್ಬಿ. ಗಾಯ ಮಾಯ್ತಾನೇ ಇಲ್ಲ. ತಿಂಗಳ ಕೊನೆಯೊಳಗೆ ನೆಟ್ಟಗೆ ನಡೀದಿದ್ರೆ ಕೆಲಸ ಬೇರೆಯವನಿಗೆ ಅಂದುಬಿಟ್ರು ಸಾಹೇಬರು."

ಮುಲಾಮಕ್ಕ ಹಿಮ್ಮಡಿ ನೋಡಿದಳು. "ತರಚಿದ್ದಕ್ಕೆ, ಸಣ್ಣ ಬೊಬ್ಬೆಗೆ ಕಣೋ ನನ್ನ ಮುಲಾಮು. ದಿನಾ ಅದೇ ಜಾಗ ಉಜ್ಜಿಸ್ಕೊಂಡು ಬಂದ್ರೆ ನಾನೇನು ಮಂತ್ರ ಹಾಕ್ಲಾ? ಮೊದಲು ಡಾಕ್ಟರಿಗೆ ತೋರ್ಸು." ಆಮೇಲೆ ಗಂಡನತ್ತ ತಿರುಗಿದಳು. "ರೀ, ಇನ್ನು ನಾನು ಒಲೆ ಹಚ್ಚಲ್ಲ. ನಿಮ್ಮ ಜೋಡು ನೀವೇ ಮೆಟ್ಕೊಂಡು ಇವನ ಜೊತೆ ಒಂದು ಸುತ್ತು ಹೋಗ್ಬನ್ನಿ. ಆಮೇಲೆ ಮಾತು."

ಆಗಲೇ ನಮಗೆಲ್ಲ ಹೊಳೆದದ್ದು: ಮೇಸ್ತ್ರಿಯ ಕಾಲಲ್ಲಿ ಯಾವಾಗಲೂ ರಬ್ಬರ್ ಚಪ್ಪಲಿ!

"ನಮ್ಮಪ್ಪನ ಅಚ್ಚು ಕಣೇ ಅದು!"

"ಮಾವನವರ ಕಾಲು ಅವರ ಜೊತೇನೇ ಹೋಯ್ತು. ಊರಿನವರ ಕಾಲು ಇಲ್ಲೇ ಇದೆ."

ಮರುದಿನ ಹೊರಟರು. ಅಂಚೆಯವನ ಹಿಮ್ಮಡಿಗೆ ಡಾಕ್ಟರ ಪಟ್ಟಿ, ಕಾಲಿಗೆ ಮೇಸ್ತ್ರಿಯ ರಬ್ಬರ್ ಚಪ್ಪಲಿ. ಮೇಸ್ತ್ರಿ ಮೊದಲ ಬೀದಿಯಲ್ಲಿ ಮದುಮಗನಂತೆ ನಡೆದ. ಎರಡನೆಯದರಲ್ಲಿ ಪ್ರತಿ ಮನೆಯ ಮುಂದೆಯೂ ನಿಂತು ಬಾಗಿಲ ನಂಬರನ್ನು ಬಹಳ ಆಸಕ್ತಿಯಿಂದ ಓದಿದ. ನಾಲ್ಕನೆಯದರಲ್ಲಿ ಅವನ ಕೈ ಅಂಚೆಯವನ ಹೆಗಲೇರಿತು.

"ಏನು ಮೇಸ್ತ್ರಿಗಳೇ, ನಿಮ್ಮ ಕಾಲಿಗೂ ನಡೆಯೋಕೆ ಬರಲ್ವಾ?"

ಮನೆಗೆ ಬಂದು ಕುಳಿತವನ ಮುಂದೆ ಹೆಂಡತಿ ಡಬ್ಬಿ ಇಟ್ಟಳು. ಸ್ವಲ್ಪ ಹೊತ್ತು ಅದನ್ನು ದುರುಗುಟ್ಟಿ ನೋಡಿ, ಕೊನೆಗೆ ಬೆರಳದ್ದಿದ. "ತಣ್ಣಗಿದೆ" ಎಂದ. ಮೂವತ್ತು ವರ್ಷದ ಸಂಸಾರದಲ್ಲಿ ಅವಳಿಗೆ ಸಿಕ್ಕ ಪ್ರಶಸ್ತಿ ಅದೊಂದೇ.

ಮರುದಿನ ಬೆಳಿಗ್ಗೆ ಎಂಟೂ ಅಚ್ಚುಗಳನ್ನು ಮುಂದಿಟ್ಟುಕೊಂಡು, ಹಿಮ್ಮಡಿಗೆ ಚರ್ಮದ ತುಂಡುಗಳನ್ನು ಅಂಟಿಸಿ ಅಗಲ ಮಾಡುತ್ತ ಕುಳಿತ.

"ಏನ್ರೀ, ಮಾವನವರ ಕಾಲಿಗೇ ಕೈ ಹಾಕಿದ್ರಿ?"

"ಅಪ್ಪ ಸ್ವಲ್ಪ ದಪ್ಪ ಆಗಿದಾರೆ ಕಣೇ. ವಯಸ್ಸಾಯ್ತಲ್ಲ."

ಗಾಯ ಮಾಯ್ದ ಮೇಲೆ ಅಂಚೆಯವನು ಆ ಅಚ್ಚಿನ ಮೊದಲ ಜೋಡು ಮೆಟ್ಟಿ, ತಿಂಗಳ ಕೊನೆಯ ದಿನ ಸಾಹೇಬರ ಕಣ್ಣೆದುರೇ ನೆಟ್ಟಗೆ ನಡೆದ. ಕೆಲಸ ಉಳಿಯಿತು. ಸಂಜೆ ಅವನು ದಾಪುಗಾಲು ಹಾಕುತ್ತ ಬರುವುದನ್ನು ಕಂಡು ಮೇಸ್ತ್ರಿ ಉಳಿ ಕೆಳಗಿಟ್ಟು, ಅಂಗಿ ಸರಿಮಾಡಿಕೊಂಡು, ಎದ್ದು ನಿಂತ.

"ಅಕ್ಕಾ! ಈ ಸಲ ಡಬ್ಬೀನೇ ಕೊಟ್ಟಿಲ್ವಲ್ಲ?" ಎಂದ ಅಂಚೆಯವನು.

"ಜೋಡು ಕಚ್ಚಿಲ್ವಲ್ಲೋ, ಡಬ್ಬಿ ಯಾಕೆ?"

"ಹೆಂಗೆ ಕಚ್ಚುತ್ತೆ? ಹಳೇ ಡಬ್ಬಿ ಜೇಬಲ್ಲೇ ಇತ್ತು. ನಿಮ್ಮ ಮುಲಾಮು ಹಚ್ಚೋದೂ ಬೇಡಕ್ಕ, ಹತ್ರ ಇದ್ರೆ ಸಾಕು!"

ಮುಲಾಮಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಮೇಸ್ತ್ರಿ ಅಂಚೆಯವನ ಕಾಲನ್ನು ನೋಡಿದ, ಮುಖವನ್ನು ನೋಡಿದ. ಆಮೇಲೆ ತಾನೇ ಕೈ ಚಾಚಿ ಗೂಡಿನಿಂದ ಡಬ್ಬಿಗಳನ್ನು ತೆಗೆದ.

"ತಗೋಳಪ್ಪ. ಎರಡು ಜೇಬಿಗೂ ಒಂದೊಂದಿರ್ಲಿ."