ತಾರೀಖು ಸಿಗದ ಮದುಮಗ

ಬನಹಟ್ಟಿಯಲ್ಲಿ ಹುಟ್ಟಿದವರಿಗೆ ಗುಟ್ಟು ಹೇಳಲು ಬರುವುದಿಲ್ಲ. ಬೆಳಗಾದರೆ ಕಿವಿಯ ಪಕ್ಕದಲ್ಲೇ ಪಾವರ್‌ಲೂಮ್ ಬಡಿದುಕೊಳ್ಳುವ ಊರಿನಲ್ಲಿ, ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾಗಿದೆ ಎಂಬುದನ್ನೂ ಕೂಗಿಯೇ ಹೇಳಬೇಕು. ಹೊರಊರಿನ ನೆಂಟರು ನಾವು ಜಗಳವಾಡುತ್ತಿದ್ದೇವೆಂದು ತಿಳಿದು ಬಿಡಿಸಲು ಏಳುತ್ತಾರೆ. ಇಂಥ ಊರಿನ ಹುಡುಗರು ವಾದ್ಯಮೇಳ ಕಟ್ಟಿದರೆ ಅದು ಮೆಲ್ಲಗಿರುತ್ತದೆಯೇ, ನೀವೇ ಹೇಳಿ.

ಕಟ್ಟಿದೆವು. ಬಾಗಲಕೋಟೆ ಹೊಸ ಜಿಲ್ಲೆಯಾಗಿದ್ದ ದಿನಗಳವು. ನಾವೂ ಏನಾದರೂ ಹೊಸದಾಗಬೇಕೆಂಬ ಹುರುಪು. ಹೆಸರು ಗರ್ಜನೆ ಬ್ಯಾಂಜೊ ಕಂಪನಿ. ಟೈಪ್‌ರೈಟರಿನಂತೆ ಗುಂಡಿ ಒತ್ತಿ ತಂತಿ ಮೀಟುವ ಕರೆಂಟಿನ ಬ್ಯಾಂಜೊ ನನ್ನ ಗೆಳೆಯ ಬಸುವಿನದು. ಹಗಲು ಅಪ್ಪನ ಮಗ್ಗ, ಸಂಜೆ ಬ್ಯಾಂಜೊ. ಎರಡರಲ್ಲೂ ಅವನ ಕೈ ಚುರುಕು. ನನಗೆ ಕಾಳು ತುಂಬಿದ ಗಿಲಕಿ ಕೊಟ್ಟರು. ಅದನ್ನು ಅಲ್ಲಾಡಿಸಲು ವಿದ್ಯೆ ಬೇಡ, ರಟ್ಟೆ ಸಾಕು. ನಮ್ಮ ಮನೆಯ ಎಸ್.ಟಿ.ಡಿ. ಬೂತೇ ಕಂಪನಿಯ ಆಫೀಸಾದ್ದರಿಂದ ನನ್ನನ್ನು ಬಿಡುವಂತೆಯೂ ಇರಲಿಲ್ಲ.

ತಾಲೀಮಿನದೇ ತೊಂದರೆ. ಕರೆಂಟು ಹೋದರೆ ಮಗ್ಗ ನಿಂತು ಊರು ಶಾಂತ. ಆದರೆ ಆಗ ಬ್ಯಾಂಜೊಗೂ ಬಾಯಿಲ್ಲ. ಕರೆಂಟು ಬಂದರೆ ಎರಡೂ ಒಟ್ಟಿಗೆ ಶುರು. ಹೀಗಾಗಿ ಓಡುವ ಮಗ್ಗಗಳ ನಡುವೆಯೇ ಕೂತು ಕಲಿತೆವು. ಶ್ರುತಿ ತಾಯಿ, ಲಯ ತಂದೆ ಎನ್ನುತ್ತಾರೆ ಬಲ್ಲವರು. ನಮಗೆ ಮಗ್ಗವೇ ತಂದೆ. ತಾಯಿ ಯಾರೆಂದು ಕೊನೆಯವರೆಗೂ ತಿಳಿಯಲಿಲ್ಲ.

ಮೊದಲ ಮದುವೆ ರನ್ನ ಬೆಳಗಲಿಯಲ್ಲಿ. ಕಬ್ಬಿನ ಹೊಲಗಳ ನಡುವಿನ ಊರು, ಗುಬ್ಬಿ ಕೂಗಿದರೂ ಕೇಳುತ್ತದೆ. ಅಲ್ಲೇ ಕೆಟ್ಟಿತು. ಬ್ಯಾಂಜೊ ಒಂದು ದಾರಿ, ಡ್ರಮ್ಮು ಇನ್ನೊಂದು ದಾರಿ. ಕುಣಿಯಲೆಂದು ಕಾಲೆತ್ತಿದ ವರನ ಸೋದರಮಾವ ಅದನ್ನು ಯಾವಾಗ ಇಳಿಸಬೇಕೆಂದು ತಿಳಿಯದೆ ಹಾಗೇ ನಿಂತರು.

"ಏನಾತಲೇ ಬಸ್ಯಾ?" ಎಂದೆ.

"ಮಗ್ಗದ ಸಪ್ಪಳ ಇಲ್ಲಲೇ ಇಲ್ಲಿ! ತಾಳ ಎಲ್ಲಿಂದ ಹಿಡೀಲಿ?"

ತಾಸೆ ಬಾರಿಸುವ ಮಲ್ಲುವಿಗೆ ಏನು ಹೊಳೆಯಿತೋ, ಹಂದರದ ಬುಡದಲ್ಲಿ ಬಿದ್ದಿದ್ದ ಎರಡು ಕಟ್ಟಿಗೆ ತುಂಡು ಎತ್ತಿಕೊಂಡು ಮಗ್ಗ ಬಡಿದಂತೆ ಖಟ್ ಖಟ್ ಎಂದು ಬಡಿದ. ಮೇಳ ಹಳಿಗೆ ಬಂತು, ಮಾವನ ಕಾಲು ನೆಲಕ್ಕೆ ಬಂತು. ಆಮೇಲೆ ಆ ಕಾಲು ಸಂಜೆಯವರೆಗೆ ನಿಲ್ಲಲಿಲ್ಲ.

ಆ ಖಟ್ ಖಟ್ಟೇ ನಮ್ಮ ಗುರುತಾಯಿತು. ಕಟ್ಟಿಗೆಯ ಜಾಗಕ್ಕೆ ಮಗ್ಗದ ಲಾಳಿಗಳು ಬಂದವು, ನಮ್ಮನ್ನು ಹೊರುತ್ತಿದ್ದ ಟ್ರ್ಯಾಕ್ಟರಿನ ಜಾಗಕ್ಕೆ ಟೆಂಪೊ ಬಂತು, ನಮ್ಮ ಮೈಮೇಲೆ ಮಿಂಚುವ ಕೋಟು ಬಂತು. ಸಾವಳಗಿಯಿಂದ ಬೀಳಗಿಯವರೆಗೆ ಬೀಗರು ಮಾತುಕತೆಗೆ ಕೂತರೆ ಮೊದಲು ನಮ್ಮ ಬೂತಿಗೆ ಫೋನು: "ಗರ್ಜನೆಯವ್ರು ಎಂದ ಖಾಲಿ ಅದಾರ್ರಿ?" ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂದು ಪಂಚಾಂಗಕ್ಕೆ ಐದೇ ಅಂಗ. ನಮ್ಮ ಸೀಮೆಯಲ್ಲಿ ಬಸು ಆರನೆಯ ಅಂಗವಾದ.

ಆದರೆ ಈ ಆರನೆಯ ಅಂಗಕ್ಕೆ ತನ್ನ ಮದುವೆಗೇ ದಿನ ಸಿಗಲಿಲ್ಲ. ಲೋಕಾಪುರದ ಕಿರಾಣಿ ವ್ಯಾಪಾರಿಯೊಬ್ಬರ ಮಗಳು ಶೋಭಾಳೊಂದಿಗೆ ನಿಶ್ಚಯವಾಗಿತ್ತು. ಬಸುವಿಗೆ ಅವಳೆಂದರೆ ಜೀವ. ಆದರೆ ಯಾರಾದರೂ ಕೈಮುಗಿದು ತಾರೀಖು ಕೇಳಿದರೆ ಇಲ್ಲವೆನ್ನಲು ಅವನಿಗೆ ನಾಲಗೆ ಏಳದು. ಸಂಚಕಾರವೆಂದು ಮುಂಗಡ ಹಣ ಹಿಡಿದ ಮೇಲೆ ತಪ್ಪಿಸುವಂತಿಲ್ಲ. ಅದು ಕಂಪನಿಯ ಮರ್ಯಾದೆ. ಒಂದು ಹಂಗಾಮು ಹೋಯಿತು, ಇನ್ನೊಂದೂ ಹೋಯಿತು. ಕಡೆಗೆ ಶೋಭಾಳ ಅಪ್ಪ ಬೂತಿಗೇ ಬಂದರು.

"ಊರ ಮಂದಿ ಮದಿವಿಗೆಲ್ಲಾ ತಾರೀಖ ಐತಿ, ನಿಮ್ಮ ಮದಿವಿಗಿ ಇಲ್ಲಂದ್ರ ಹ್ಯಾಂಗ್ರಿ? ದಸರಾದೊಳಗ ಹೇಳ್ರಿ. ಇಲ್ಲಂದ್ರ ನಾ ಬ್ಯಾರೆ ವರ ನೋಡ್ತೇನಿ."

ಬಸು ಊಟ ಬಿಟ್ಟ. ಸಂಚಕಾರ ಹಿಡಿಯುವುದನ್ನು ಮಾತ್ರ ಬಿಡಲಿಲ್ಲ. ಯಶಸ್ಸಿನ ಗುಣವೇ ಹಾಗಿರಬೇಕು; ಎಲ್ಲರಿಗೂ ಬೇಕಾದವನು ಮನೆಯವರಿಗೆ ಸಿಗುವುದಿಲ್ಲ. ನಾನು ಎಲ್ಲಿ ಕೂಗಿದರೂ ಕೈಗೆ ಸಿಗುತ್ತೇನೆ, ಇದರಿಂದ ನನ್ನ ಯಶಸ್ಸನ್ನು ನೀವು ಊಹಿಸಬಹುದು.

ವಾರ ಕಳೆದಿರಬೇಕು, ಒಬ್ಬ ಹುಡುಗಿ ಸೋದರತ್ತೆಯನ್ನು ಕರೆದುಕೊಂಡು ಬೂತಿಗೆ ಬಂದಳು. ತುಳಸಿ ಲಗ್ನವಾದ ಮೇಲಿನ ಮೊದಲ ಮುಹೂರ್ತ ಖಾಲಿ ಇದೆಯೇ ಎಂದಳು. ಇನ್ನೂ ಯಾರೂ ಕೇಳಿರಲಿಲ್ಲ. ಸಂಚಕಾರ ನನ್ನ ಕೈಗಿಟ್ಟಳು.

"ವರ ಯಾವೂರವ್ರೀ?" ಎಂದೆ, ಎಂದಿನ ಗತ್ತಿನಲ್ಲಿ.

"ಇದ ಊರವ್ರು. ನಿಮ್ಮ ಬ್ಯಾಂಜೊ ಬಾರಿಸಾವ್ರು," ಎಂದಳು. "ಸಂಚಕಾರ ಹಿಡದ ಮ್ಯಾಲೆ ತಪ್ಪಸಂಗಿಲ್ಲಂತಲ್ರಿ? ಅವ್ರಿಗೆ ಹೇಳ್ರಿ."

ಬಂದವಳು ಶೋಭಾಳೇ; ನಿಶ್ಚಯದ ದಿನ ಬೂತು ಕಾಯುತ್ತ ಉಳಿದಿದ್ದ ನಾನು ಅವಳನ್ನು ನೋಡಿದ್ದು ಈಗಲೇ ಮೊದಲು. ಸುದ್ದಿ ಕೇಳಿದ ಬಸು ಮಗ್ಗ ನಿಲ್ಲಿಸಿ ನಕ್ಕ ನಗು ಹಿಂದಿನ ಓಣಿಗೂ ಕೇಳಿಸಿತು. ನನಗಾದ ಸಂತೋಷ ಹೇಳತೀರದು.

ಮದುವೆಯ ದಿನ ಬ್ಯಾಂಜೊ ಬಾರಿಸುವವರು ಯಾರು? ಗಿಲಕಿಯೊಂದು ನಿಂತರೆ ಕಂಪನಿಗೆ ನಷ್ಟವಿಲ್ಲವೆಂದು ಬ್ಯಾಂಜೊ ನನ್ನ ಕೊರಳಿಗೇ ಬಿತ್ತು. ವಧೂವರರ ತಲೆಗೆ ಅಕ್ಕಿಕಾಳು ಬಿದ್ದು ಮೆರವಣಿಗೆ ಹೊರಟಿತು. ನಾನು ಮೊದಲ ಸ್ವರದಲ್ಲೇ ಎಡವಿದೆ. ಲೋಕಾಪುರದ ಮಂದಿ ಅದನ್ನು ಲೆಕ್ಕಿಸದೆ ಕುಣಿದರು. ಶೋಭಾಳ ಅಪ್ಪನಂತೂ ರುಮಾಲು ಬಿಚ್ಚಿ ಗಾಳಿಯಲ್ಲಿ ಬೀಸಿದರು. ತೆರೆದ ಜೀಪಿನಲ್ಲಿ ಕೂತ ಬಸು ಮಾತ್ರ ಒದ್ದಾಡುತ್ತಿದ್ದ. ಮಡಿಲಲ್ಲಿದ್ದ ತೆಂಗಿನಕಾಯಿಯ ಮೇಲೆ ಅವನ ಬೆರಳುಗಳು ಸರಿಯಾದ ಸ್ವರ ಒತ್ತುತ್ತಿದ್ದವು. ತಡೆಯಲಾರದೆ ಬಾಸಿಂಗ ಸರಿಸಿಕೊಂಡು ಒಂದು ಕಾಲು ಕೆಳಗಿಟ್ಟ.

ಪಕ್ಕದಲ್ಲಿ ಕೂತಿದ್ದ ಶೋಭಾ ಅವನ ಶಲ್ಯದ ತುದಿ ಹಿಡಿದಳು. "ತಪ್ಪ ಬಾರಿಸಿದ್ರ ಬಾರಿಸ್ಲಿ ಬಿಡ್ರಿ. ಇವತ್ತ ನೀವು ದುಡಿಯಾಕ ಬಂದಿಲ್ಲ."

ಬಸು ಕಾಲು ಒಳಗೆಳೆದುಕೊಂಡ. ಅಷ್ಟು ವರ್ಷ ಊರೂರಿನ ವರರನ್ನು ಮೆರೆಸಿದವನು ಅಂದು ಬೆನ್ನು ಒರಗಿಸಿ, ತಾನೇ ಮೆರೆಯುತ್ತ ಕೂತ. ಅದನ್ನು ಕಂಡು ನನಗೂ ಧೈರ್ಯ ಬಂತು. ಇನ್ನಷ್ಟು ಜೋರಾಗಿ ತಪ್ಪು ಬಾರಿಸಿದೆ.