ಮಡಿಸಿಟ್ಟ ಅಂಗಿ

ಮಣ್ಣು ಮಾಡುವ ಮೊದಲು ಸತ್ತವರ ಜೀವನ ಚರಿತ್ರೆ ಓದುವುದು ನಮ್ಮ ಸಭೆಯಲ್ಲಿ ಹಿಂದಿನಿಂದ ಬಂದ ವಾಡಿಕೆ. ಒಂದೇ ಹಾಳೆ. ಹುಟ್ಟಿದ ಊರು, ದೀಕ್ಷಾಸ್ನಾನ, ಮದುವೆ, ಮಕ್ಕಳು, ಕೊನೆಗೆ ಸಾವು. ಮನೆಯವರು ಅಳುತ್ತಿರುತ್ತಾರೆಂದು ಸಭಾಹಿರಿಯರಲ್ಲಿ ಯಾರಾದರೂ ಬರೆದುಕೊಡುತ್ತಾರೆ, ಪಾದ್ರಿಯಾದ ನಾನು ಓದುತ್ತೇನೆ. ಕುಡಿದು ಹೆಂಡತಿಯನ್ನು ಬಡಿದವರೂ ಆ ಹಾಳೆಯಲ್ಲಿ ಪ್ರೀತಿಯ ಪತಿಗಳೇ. ಅದನ್ನೆಲ್ಲ ಓದಿ ಸುಮ್ಮನಾಗಿದ್ದೇನೆ. ಆದರೆ ಒಂದು ಹಾಳೆಯನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನಮ್ಮದು ಎಗ್ಮೋರಿನ ಪುಟ್ಟ ಕನ್ನಡ ಸಭೆ. ತಮಿಳಿನವರು ಆರಾಧನೆ ಮುಗಿಸಿ ಫ್ಯಾನ್ ಆರಿಸಿ ಹೋದ ಮೇಲೆ ನಾವು ಅದೇ ದೇವಾಲಯದಲ್ಲಿ ಫ್ಯಾನ್ ಹಾಕಿಕೊಂಡು ಕೂಡುತ್ತೇವೆ. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವನು ಕೊಳ್ಳೇಗಾಲದ ಕಡೆಯವನು. ಶೋಳಿಂಗನಲ್ಲೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಗುಡಿಸಿ ಒರೆಸುವ ಕೆಲಸ ಅವನದು. ಕೆಲಸ ಕೊಡಿಸಿದವರು ಮುಂದಿನ ಬೆಂಚಿನ ಸಭಾಹಿರಿಯರು, ಅದೇ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ಒಂದು ಶನಿವಾರ ಬೆಳಿಗ್ಗೆ ಅವನು ಅಲ್ಲಿಯ ಮಲದ ಗುಂಡಿಯಲ್ಲಿ ಉಸಿರುಗಟ್ಟಿ ಸತ್ತ. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಮನುಷ್ಯನನ್ನು ಅದರೊಳಗೆ ಇಳಿಸಕೂಡದೆಂದು ಕಾನೂನಿದೆ. ಕಾನೂನೂ ಇದೆ, ಗುಂಡಿಯೂ ಇದೆ, ನಾಲ್ಕು ಸಾಲಿನ ಸುದ್ದಿಯೂ ತಪ್ಪದೆ ಬರುತ್ತದೆ.

ಅವನ ಹಾಳೆ ಬರೆದವರು ಅದೇ ಹಿರಿಯರು. ಸ್ಮಶಾನದಲ್ಲಿ ನನ್ನ ಕೈಗಿತ್ತರು. ಮೊದಲೇ ಓದಿ ನೋಡಬೇಕಿತ್ತು, ನೋಡಲಿಲ್ಲ. ‘ಮುಚ್ಚಳ ಸರಿಪಡಿಸುವಾಗ ಕಾಲು ಜಾರಿ ಬಿದ್ದು ಕರ್ತನಲ್ಲಿ ನಿದ್ರೆಹೋದರು’ ಎಂಬ ಮಾತು ನನ್ನ ಬಾಯಿಂದಲೇ ಹೊರಟಿತು. ಜನ ಆಮೆನ್ ಅಂದರು. ಯಾರೋ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು.

ಮೂರನೆಯ ದಿನ ಅವನ ಹೆಂಡತಿ ಮನೆಗೆ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಒಳಗೆ ಅವನ ನೀಲಿ ಅಂಗಿ. ಗುಂಡಿಯ ಪಕ್ಕದ ಕಟ್ಟೆಯ ಮೇಲಿತ್ತೆಂದು ವಾಚ್‌ಮನ್ ತಂದುಕೊಟ್ಟಿದ್ದನಂತೆ. ತೋಳುಗಳನ್ನು ಹಿಂದಕ್ಕೆ ಸೇರಿಸಿ ನೀಟಾಗಿ ಮಡಿಸಿದ್ದ ಅಂಗಿ. ಒಂದು ಕಲೆಯೂ ಇರಲಿಲ್ಲ.

“ಜಾರಿ ಬೀಳೋರು ಅಂಗಿ ಬಿಚ್ಚಿ ಮಡಿಸಿ ಮಡಗ್ತಾರಾ, ಅಯ್ನೋರೆ?” ಎಂದಳು. “ಇಳಿ ಅಂತ ಸೆಕ್ರೆಟ್ರಿಯೋರೇ ಯೋಳವ್ರೆ. ವಾಚ್‌ಮನ್ ಕಿವಿಯಾರೆ ಕೇಳವ್ನೆ, ಟೇಸನ್ನಲ್ಲಿ ಯೋಳಕ್ಕೆ ಹೆದ್ರುತಾನೆ. ನಿಮ್ ಪಾದ್ರಿನೇ ಜಾರಿ ಬಿದ್ದ ಅಂದವ್ರಲ್ಲ ಅಂತ ಪೋಲೀಸ್ನೋರು ನನ್ಗೇ ವಿಡಿಯೋ ತೋರುಸ್ತಾರೆ. ಕೇಸು ಮುಚ್ಬುಡ್ತಾರಂತೆ.”

ಆ ಚೀಲವನ್ನು ನಾನು ಸ್ಮಶಾನದಲ್ಲೇ ಕಂಡಿದ್ದೆ. ಎದೆಗವಚಿಕೊಂಡು ನಿಂತಿದ್ದಳು. ಏನಮ್ಮಾ ಅದು ಎಂದು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ. ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ಅವಳೆದುರೇ ಹಿರಿಯರಿಗೆ ಫೋನ್ ಮಾಡಿದೆ.

“ಎರಡೂ ಕಡೆ ನಮ್ಮ ಸಭೆಯವರೇ ಅಲ್ವಾ ಪಾಸ್ಟರ್? ಪ್ರೇಯರ್‌ನಲ್ಲಿ ಇಟ್ಟು ಬಿಟ್ಬಿಡಿ. ಸ್ಟೇಷನ್ನು ಗೀಷನ್ನು ಯಾಕೆ?”

“ಇಳಿ ಅಂದ್ರೋ ಇಲ್ವೋ, ಅದನ್ನ ಹೇಳಿ.”

“ಗುಂಡಿ ಹೀರೋ ಲಾರಿ ಬರೋದು ಎರಡು ದಿನ ಲೇಟಾಗ್ತಿತ್ತು. ಮನೆಯೊಳಗೆಲ್ಲಾ ವಾಸನೆ ಅಂತ ರೆಸಿಡೆಂಟ್ಸ್ ಕಂಪ್ಲೇಂಟ್ ಮಾಡ್ತಿದ್ರು. ಐದು ನಿಮಿಷದ ಕೆಲಸ ಅಂದೆ.”

ವಾಸನೆ. ಎರಡು ದಿನ ಮೂಗು ಮುಚ್ಚಿಕೊಂಡು ಇರಲಾರದವರಿಗಾಗಿ ಒಬ್ಬ ಗಂಡಸನ್ನು ಬಲಿಕೊಟ್ಟು, ನನ್ನ ಕರ್ತನ ಹೆಸರನ್ನು ಆ ಗುಂಡಿಗೆ ಮುಚ್ಚಳ ಮಾಡಿದ್ದರು. ಮುಚ್ಚಿದವನು ನಾನು. ಪಾದ್ರಿ ಬೈಯಬಾರದು ಎನ್ನುತ್ತಾರೆ. ಅಂದು ಬೈದೆ, ಅದಕ್ಕೆ ಪಶ್ಚಾತ್ತಾಪವಿಲ್ಲ.

ಆಗಲೇ ಅವಳ ಜೊತೆ ಸ್ಟೇಷನ್ನಿಗೆ ಹೋದೆ. ಇನ್ಸ್‌ಪೆಕ್ಟರ್ ವಿಡಿಯೋ ಹಾಕಿ, ಈ ದನಿ ನಿಮ್ಮದೇ ತಾನೆ ಎಂದು ತಮಿಳಿನಲ್ಲಿ ಕೇಳಿದರು.

“ದನಿ ನನ್ನದೇ. ಮಾತು ಬರೆದುಕೊಟ್ಟವರದು. ನೋಡದೆ ಓದಿದ್ದು ನನ್ನ ತಪ್ಪು, ಅದನ್ನೂ ಬರೆದುಕೊಳ್ಳಿ” ಎಂದೆ. ಫೋನಿನಲ್ಲಿ ಕೇಳಿದ್ದನ್ನೂ ಹೇಳಿ ಸಹಿ ಹಾಕಿದೆ. ಹೊಟ್ಟೆಪಾಡು ಕಳೆದುಕೊಳ್ಳುವ ಭಯ ವಾಚ್‌ಮನ್ನನಿಗಿತ್ತು, ನನಗೆ ಹೆದರಲು ಏನಿತ್ತು?

ಅವಳು ಚೀಲದಿಂದ ಅಂಗಿ ತೆಗೆದು ಮೇಜಿನ ಮೇಲಿಟ್ಟಳು. ಇನ್ಸ್‌ಪೆಕ್ಟರ್ ಅದನ್ನು ಕೊಡವಿ ನೋಡಲು ಕೈ ಚಾಚಿದರು. ಅಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದವಳು ಅಂಗಿಯ ಮೇಲೆ ಎರಡೂ ಅಂಗೈ ಊರಿದಳು.

“ಬಿಚ್ಚಬೇಡಿ ಸಾರ್” ಎಂದು ತನ್ನ ಹರಕುಮುರುಕು ತಮಿಳಿನಲ್ಲಿ ಹೇಳಿದಳು, “ಅದು ಅವರು ಮಡಿಸಿದ್ದು.”